ಸೆಂಬೆನ್ ತೆರೆದ ರಾತ್ರಿಶಾಲೆ

1955ರಲ್ಲಿ ಪ್ಯಾರಿಸ್ಸಿನಲ್ಲಿದ್ದ ಕೆಲವು ಆಫ್ರಿಕನ್ ಯುವಕರು ತಮ್ಮ ನೆಲದ ಬಗ್ಗೆ ಒಂದು ಸಿನಿಮಾ ತೆಗೆಯಲು ಹೊರಟರು. ಅವರ ಮುಂದಾಳು ಪೊಲಾಂ ವಿಯೇರಾ, ಇಂದಿನ ಬೆನಿನ್ ದೇಶದ ಪೋರ್ಟೊ ನೋವೊದಲ್ಲಿ ಹುಟ್ಟಿದವರು. ಪ್ಯಾರಿಸ್ಸಿನ ಹೆಸರುವಾಸಿ ಸಿನಿಮಾ ವಿದ್ಯಾಲಯದಲ್ಲಿ ಓದು ಮುಗಿಸಿದ ಮೊದಲ ಆಫ್ರಿಕನ್ ಅವರು. ಕೈಯಲ್ಲಿ ವಿದ್ಯೆಯಿತ್ತು, ಜೊತೆಗೆ ಗೆಳೆಯರಿದ್ದರು, ಹೇಳುವುದಕ್ಕೆ ಬೇಕಾದಷ್ಟಿತ್ತು. ಆದರೆ ಆಫ್ರಿಕಾದಲ್ಲಿ ಚಿತ್ರೀಕರಣ ಮಾಡಲು ಫ್ರೆಂಚ್ ಸರ್ಕಾರ ಅನುಮತಿ ಕೊಡಲಿಲ್ಲ. ಹುಟ್ಟಿದ ಊರಿನಲ್ಲಿ ಕ್ಯಾಮೆರಾ ಇಡುವ ಹಕ್ಕಿಲ್ಲದವರು ಅದನ್ನು ಪ್ಯಾರಿಸ್ಸಿನ ಬೀದಿಗಳಲ್ಲೇ ಇಟ್ಟರು. ಅಲ್ಲಿ ಓದಲು, ದುಡಿಯಲು ಬಂದಿದ್ದ ಆಫ್ರಿಕನ್ನರ ಬದುಕನ್ನೂ ಒಂಟಿತನವನ್ನೂ ಸೆರೆಹಿಡಿದರು. ‘ಆಫ್ರಿಕ್ ಸ್ಯುರ್ ಸೆನ್’ ಎಂಬ, ಸುಮಾರು ಇಪ್ಪತ್ತು ನಿಮಿಷಗಳ ಆ ಚಿತ್ರ ಕಪ್ಪು ಆಫ್ರಿಕನ್ನರ ಸಿನಿಮಾ ಚರಿತ್ರೆಯ ಮೊದಲ ಪುಟಗಳಲ್ಲೊಂದು. ಅದರಲ್ಲಿ ಆಫ್ರಿಕಾದ ನೆಲ ಕಾಣುವುದು ತೀರಾ ಅಪರೂಪ.

ಈ ನಿಷೇಧದ ಹಿಂದೆ ಒಂದು ಕಾನೂನಿತ್ತು. 1934ರಲ್ಲಿ ಪಿಯೇರ್ ಲವಾಲ್ ಫ್ರಾನ್ಸಿನ ವಸಾಹತು ಮಂತ್ರಿಯಾಗಿದ್ದಾಗ ಹೊರಟ ಆಜ್ಞೆ ಅದು. ಫ್ರೆಂಚ್ ಪಶ್ಚಿಮ ಆಫ್ರಿಕಾದಲ್ಲಿ ಯಾರೇ ಚಿತ್ರೀಕರಣ ಮಾಡಬೇಕಾದರೂ ಏನು ತೆಗೆಯುತ್ತೇವೆ, ಯಾರು ತೆಗೆಯುತ್ತಾರೆ ಎಂಬುದನ್ನು ಮೊದಲೇ ಒಪ್ಪಿಸಿ ಆಡಳಿತದ ಅನುಮತಿ ಪಡೆಯಬೇಕಿತ್ತು. ರೆನೆ ವೋಟಿಯೇ ಎಂಬ ಇಪ್ಪತ್ತೊಂದರ ಫ್ರೆಂಚ್ ಯುವಕ ಇದನ್ನು ಮೀರಿದ. ಆಫ್ರಿಕಾದ ಹಳ್ಳಿಗರ ಜೀವನವನ್ನು ಫ್ರಾನ್ಸಿನ ಶಾಲಾ ಮಕ್ಕಳಿಗೆ ತೋರಿಸಲೆಂದು ಅವನನ್ನು ಕಳಿಸಿದ್ದರು. ಅವನು ಕಂಡದ್ದು ಸುಟ್ಟ ಗುಡಿಸಲುಗಳನ್ನು, ಬಿಟ್ಟಿ ದುಡಿಮೆಯನ್ನು. ಕಂಡದ್ದನ್ನೇ ತೆಗೆದ. ರೀಲುಗಳು ಜಪ್ತಿಯಾದವು. ಉಳಿಸಿಕೊಂಡಷ್ಟರಲ್ಲಿ ‘ಆಫ್ರಿಕಾ 50’ ಸಿದ್ಧವಾಯಿತು, ಅವನಿಗೆ ಜೈಲಾಯಿತು. ಆ ಚಿತ್ರ ಫ್ರಾನ್ಸಿನಲ್ಲಿ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ನಿಷೇಧದಲ್ಲೇ ಉಳಿಯಿತು. 1953ರಲ್ಲಿ ಅಲೆನ್ ರೆನೆ ಮತ್ತು ಕ್ರಿಸ್ ಮಾರ್ಕರ್ ತೆಗೆದ ‘ಪ್ರತಿಮೆಗಳೂ ಸಾಯುತ್ತವೆ’ ಎಂಬ ಸಾಕ್ಷ್ಯಚಿತ್ರವನ್ನೂ ಸೆನ್ಸಾರು ತಡೆಹಿಡಿಯಿತು. ಆಫ್ರಿಕಾದಿಂದ ಹೊತ್ತು ತಂದ ಶಿಲ್ಪಗಳನ್ನು ಯುರೋಪಿನ ಮ್ಯೂಸಿಯಮ್ಮುಗಳ ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಅವುಗಳಿಗೆ ಏನಾಗುತ್ತದೆ ಎಂದು ಕೇಳಿದ ಚಿತ್ರ ಅದು.

ಒಂದು ಸಾಮ್ರಾಜ್ಯ ಕ್ಯಾಮೆರಾಕ್ಕೆ ಇಷ್ಟು ಹೆದರಿತ್ತೆಂದರೆ, ಆ ಸಾಮ್ರಾಜ್ಯ ಹೊರಟ ಮರುದಿನ ಅಲ್ಲಿನವರು ಕ್ಯಾಮೆರಾವನ್ನು ಏನು ಮಾಡಿದರು ಎಂಬ ಕುತೂಹಲ ಸಹಜವಾಗಿಯೇ ಹುಟ್ಟುತ್ತದೆ. ಸ್ವಾತಂತ್ರ್ಯ ಪಡೆದ ದೇಶವೊಂದು ತನ್ನದೇ ಸಿನಿಮಾ ಕಟ್ಟಿಕೊಳ್ಳುವುದು ಎಂದರೇನು ಎಂಬುದಕ್ಕೆ ಸೆನೆಗಲ್‌ಗಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ಅಲ್ಲಿ ಒಂದು ತಲೆಮಾರಿನೊಳಗೆ ಅಪ್ಪಟ ಕಲಾವಿದರು ಹುಟ್ಟಿದರು, ಲೋಕ ಮೆಚ್ಚಿದ ಚಿತ್ರಗಳು ಬಂದವು. ಆದರೂ ಆ ಚಿತ್ರಗಳು ಅಲ್ಲಿನ ಜನರನ್ನು ಸರಿಯಾಗಿ ತಲುಪಲಿಲ್ಲ. ಯಾಕೆ ತಲುಪಲಿಲ್ಲ ಎಂಬುದು ತಿಳಿಯದಿದ್ದರೆ ಈ ಕತೆಯ ಅರ್ಧವಷ್ಟೇ ತಿಳಿದಂತೆ.

ಹಡಗುಕಟ್ಟೆಯ ಕೂಲಿ

1960ರಲ್ಲಿ ಸೆನೆಗಲ್ ಸ್ವತಂತ್ರವಾಯಿತು. ಮೊದಲ ಅಧ್ಯಕ್ಷರು ಲೆಯೊಪೋಲ್ಡ್ ಸೆಡಾರ್ ಸೆಂಘೋರ್. ಫ್ರೆಂಚಿನಲ್ಲಿ ಬರೆಯುತ್ತಿದ್ದ ದೊಡ್ಡ ಕವಿ, ಕಪ್ಪು ಸಂಸ್ಕೃತಿಯ ಘನತೆಯನ್ನು ಎತ್ತಿಹಿಡಿದ ಚಿಂತಕ. ದೇಶಕ್ಕೆ ಕವಿಯೇ ಅಧ್ಯಕ್ಷ ಎಂದಮೇಲೆ ಕಲೆಗಳಿಗೆ ಸುಗ್ಗಿಕಾಲ ಬಂತೆಂದು ಯಾರಾದರೂ ಅಂದುಕೊಳ್ಳಬಹುದು. ಒಂದು ಮಟ್ಟಿಗೆ ಅದು ನಿಜವೂ ಆಯಿತು. 1966ರಲ್ಲಿ ರಾಜಧಾನಿ ಡಾಕರ್‌ನಲ್ಲಿ ಜಗತ್ತಿನ ಕಪ್ಪು ಕಲೆಗಳ ಮೊದಲ ಮಹಾಮೇಳ ನಡೆಯಿತು. ಸಿನಿಮಾದ ದಾರಿ ಮಾತ್ರ ಅರಮನೆಯಿಂದ ಹೊರಡಲಿಲ್ಲ. ಅದು ಹಡಗುಕಟ್ಟೆಯಿಂದ ಬಂತು.

ಉಸ್ಮಾನ್ ಸೆಂಬೆನ್ ಹುಟ್ಟಿದ್ದು 1923ರಲ್ಲಿ, ಸೆನೆಗಲ್‌ನ ದಕ್ಷಿಣದ ಕಾಸಮಾನ್ಸ್ ಸೀಮೆಯ ಜಿಗಿಂಶೋರ್ ಊರಿನಲ್ಲಿ. ತಂದೆ ಮೀನುಗಾರ. ಶಾಲೆಯಲ್ಲಿ ಮುಖ್ಯೋಪಾಧ್ಯಾಯರೊಡನೆ ಜಗಳವಾಗಿ ಓದು ಅಲ್ಲಿಗೇ ನಿಂತಿತು. ಆಮೇಲೆ ಗಾರೆ ಕೆಲಸ, ಮೆಕ್ಯಾನಿಕ್ ಕೆಲಸ. ಎರಡನೇ ಮಹಾಯುದ್ಧದಲ್ಲಿ ಫ್ರೆಂಚ್ ಸೈನ್ಯದ ಸಿಪಾಯಿ. 1947ರಲ್ಲಿ ಡಾಕರ್-ನೈಜರ್ ರೈಲ್ವೆ ಕಾರ್ಮಿಕರ ದೊಡ್ಡ ಮುಷ್ಕರವನ್ನು ಹತ್ತಿರದಿಂದ ಕಂಡರು. ನಂತರ ಮಾರ್ಸೆ ಬಂದರಿಗೆ ಹೋಗಿ ಹಡಗುಗಳ ಸರಕು ಹೊರುವ ಹಮಾಲಿಯಾದರು. ಅಲ್ಲಿನ ಕಾರ್ಮಿಕ ಸಂಘವೂ ಅದರ ಗ್ರಂಥಾಲಯವೂ ಅವರಿಗೆ ಕಾಲೇಜಾದವು. 1956ರಲ್ಲಿ ಮೊದಲ ಕಾದಂಬರಿ ‘ಕಪ್ಪು ಹಮಾಲಿ’ ಬಂತು. ರೈಲ್ವೆ ಮುಷ್ಕರವನ್ನೇ ವಸ್ತುವಾಗಿಟ್ಟುಕೊಂಡು ಬರೆದ ಕಾದಂಬರಿ 1960ರಲ್ಲಿ, ದೇಶ ಸ್ವತಂತ್ರವಾದ ವರ್ಷವೇ, ಪ್ರಕಟವಾಯಿತು.

ಅಷ್ಟು ಹೊತ್ತಿಗೆ ಅವರಿಗೆ ಹೆಸರು ಬಂದಿತ್ತು. ಆದರೆ ಹೆಸರು ಬಂದದ್ದು ಪ್ಯಾರಿಸ್ಸಿನ ಓದುಗರ ನಡುವೆ. ಆಫ್ರಿಕಾಕ್ಕೆ ಮರಳಿ ಊರೂರು ಸುತ್ತಿದಾಗ, ಯಾರ ಬದುಕನ್ನು ಬರೆದಿದ್ದರೋ ಅವರಿಗೆ ಆ ಪುಸ್ತಕಗಳು ದಕ್ಕುವುದೇ ಇಲ್ಲ ಎಂಬುದು ಕಣ್ಣಿಗೆ ಹೊಡೆದು ಕಂಡಿತು. ಬಹುಪಾಲು ಜನರಿಗೆ ಓದು ಬರದು. ಓದು ಬಂದವರಲ್ಲೂ ಫ್ರೆಂಚ್ ಕಾದಂಬರಿ ಓದುವವರು ಬೆರಳೆಣಿಕೆ. ಅದೇ ಜನ ಸಂಜೆಯಾದರೆ ಸಿನಿಮಾ ಟೆಂಟಿಗೆ, ಬಯಲು ಟಾಕೀಸಿಗೆ ಸಾಲುಗಟ್ಟುತ್ತಿದ್ದರು. ಸೆಂಬೆನ್ ನಲವತ್ತರ ಹೊಸ್ತಿಲಲ್ಲಿ ಮತ್ತೆ ವಿದ್ಯಾರ್ಥಿಯಾದರು. ಮಾಸ್ಕೋದ ಗಾರ್ಕಿ ಸ್ಟುಡಿಯೋದಲ್ಲಿ ಮಾರ್ಕ್ ದೊನ್ಸ್ಕೊಯ್ ಅವರ ಕೈಕೆಳಗೆ ಕಸುಬು ಕಲಿತರು. ಸಿನಿಮಾ ಎಂದರೆ ತಮ್ಮ ಜನರ ರಾತ್ರಿಶಾಲೆ ಎಂದು ಅವರು ಆಮೇಲೆ ಬದುಕಿನುದ್ದಕ್ಕೂ ಹೇಳುತ್ತಿದ್ದರು. ಗಾರೆಯವನಾಗಿ, ಹಮಾಲಿಯಾಗಿ ದುಡಿದು, ದುಡಿಮೆಯ ನಡುವೆಯೇ ಓದಿ ಮೇಲೆ ಬಂದ ಮನುಷ್ಯನ ಬಾಯಲ್ಲಿ ಆ ಮಾತಿಗೆ ತೂಕವಿತ್ತು.

1963ರಲ್ಲಿ ‘ಬೋರೊಂ ಸಾರೆಟ್’ ಬಂತು. ಸುಮಾರು ಇಪ್ಪತ್ತು ನಿಮಿಷದ ಚಿತ್ರ. ಡಾಕರ್‌ನ ಒಬ್ಬ ಜಟಕಾದವನ ಒಂದು ದಿನ, ಅಷ್ಟೇ. ಬೆಳಿಗ್ಗೆ ನಮಾಜು ಮಾಡಿ ಗಾಡಿ ಹೂಡುತ್ತಾನೆ. ನೆರೆಹೊರೆಯವರು ಹತ್ತುತ್ತಾರೆ, ಕಾಸು ಕೊಡುವುದಿಲ್ಲ. ಹೊಗಳುಭಟ್ಟನೊಬ್ಬ ಅವನ ಪೂರ್ವಜರ ಶೌರ್ಯವನ್ನು ಹಾಡಿ ದಿನದ ದುಡಿಮೆಯನ್ನು ಕಿತ್ತುಕೊಂಡು ಹೋಗುತ್ತಾನೆ. ಸತ್ತ ಮಗುವನ್ನು ಎತ್ತಿಕೊಂಡ ಒಬ್ಬ ತಂದೆಯನ್ನು ಸ್ಮಶಾನಕ್ಕೆ ಬಿಟ್ಟರೆ, ಕಾಗದಪತ್ರ ಸರಿಯಿಲ್ಲವೆಂದು ಬಾಗಿಲಲ್ಲೇ ತಡೆಯುತ್ತಾರೆ. ಕೊನೆಗೆ ಸೂಟು ತೊಟ್ಟ ಗಿರಾಕಿಯೊಬ್ಬ ಗುಡ್ಡದ ಮೇಲಿನ ಸಿರಿವಂತರ ಬಡಾವಣೆಗೆ ಕರೆದೊಯ್ಯುತ್ತಾನೆ. ಅಲ್ಲಿಗೆ ಜಟಕಾ ಹೋಗುವಂತಿಲ್ಲ. ಪೊಲೀಸಿನವನು ಗಾಡಿ ಕಿತ್ತುಕೊಳ್ಳುತ್ತಾನೆ. ಜಟಕಾದವನ ಜೇಬಿನಿಂದ ಸಿಪಾಯಿಗಿರಿಯಲ್ಲಿ ಸಿಕ್ಕಿದ್ದ ಪದಕ ಕೆಳಗೆ ಬೀಳುತ್ತದೆ. ಪೊಲೀಸಿನ ಬೂಟು ಅದರ ಮೇಲಿರುತ್ತದೆ. ಬಿಳಿಯರು ಬಿಟ್ಟುಹೋದ ಬಡಾವಣೆಯನ್ನು ಈಗ ಕಾಯುತ್ತಿರುವವನು ಕಪ್ಪು ಪೊಲೀಸ್. ಸ್ವಾತಂತ್ರ್ಯ ಬಂದು ಮೂರೇ ವರ್ಷ. ಇಷ್ಟು ಬೇಗ ಇಷ್ಟು ಖಚಿತವಾಗಿ ತನ್ನ ಹೊಸ ದೇಶವನ್ನು ನೋಡಿದ ಚಿತ್ರ ಮತ್ತೊಂದಿದೆಯೇ ಎಂದು ನನಗೆ ಅನುಮಾನ.

ಮೂರು ವರ್ಷದ ನಂತರ ಬಂದ ‘ಲಾ ನುವಾರ್ ದ’ ಸುಮಾರು ಒಂದು ಗಂಟೆಯ ಚಿತ್ರ. ಸಹಾರಾದ ದಕ್ಷಿಣದ ಆಫ್ರಿಕಾದಿಂದ ಜಗತ್ತಿನ ಗಮನ ಸೆಳೆದ ಮೊದಲ ಕಥಾಚಿತ್ರ ಅದೇ. ಫ್ರೆಂಚ್ ಪತ್ರಿಕೆಯೊಂದರಲ್ಲಿ ಬಂದಿದ್ದ ಒಂದು ಸಣ್ಣ ಸುದ್ದಿಯಿಂದ ಸೆಂಬೆನ್ ಮೊದಲು ಕತೆ ಬರೆದಿದ್ದರು. ಡಾಕರ್‌ನ ಬೀದಿಯಲ್ಲಿ ಮನೆಗೆಲಸಕ್ಕಾಗಿ ಕಾದು ಕೂತ ಹುಡುಗಿಯರ ಸಾಲಿನಿಂದ ದಿಯೋನಾ ಎಂಬವಳನ್ನು ಒಬ್ಬ ಫ್ರೆಂಚ್ ಹೆಂಗಸು ಆರಿಸುತ್ತಾಳೆ. ಮಕ್ಕಳನ್ನು ನೋಡಿಕೊಳ್ಳಲೆಂದು ಫ್ರಾನ್ಸಿನ ಕಡಲತೀರದ ಆಂತೀಬ್‌ಗೆ ಕರೆಸಿಕೊಳ್ಳುತ್ತಾಳೆ. ದಿಯೋನಾ ಕಾಣುವ ಫ್ರಾನ್ಸ್ ಎಂದರೆ ಒಂದು ಅಡುಗೆಮನೆ, ಒಂದು ಬಚ್ಚಲು, ಒಂದು ಕಿಟಕಿ. ಮೊದಲ ದಿನಗಳಲ್ಲಿ ಪ್ರೀತಿಯಿಂದ ತಾನೇ ಕೊಟ್ಟಿದ್ದ ಮರದ ಮುಖವಾಡ ಅವರ ಬಿಳಿಗೋಡೆಯ ಮೇಲೆ ನೇತಾಡುತ್ತಿರುತ್ತದೆ. ಒಂದು ದಿನ ಅದನ್ನು ಮರಳಿ ಕಿತ್ತುಕೊಳ್ಳುತ್ತಾಳೆ. ಕೊನೆಗೆ ಆ ಮನೆಯ ಬಚ್ಚಲಲ್ಲೇ ಪ್ರಾಣ ಕಳೆದುಕೊಳ್ಳುತ್ತಾಳೆ. ಯಜಮಾನ ಅವಳ ಪೆಟ್ಟಿಗೆ, ಮುಖವಾಡ, ಬಾಕಿ ಸಂಬಳ ಹಿಡಿದು ಡಾಕರ್‌ಗೆ ಬಂದರೆ ತಾಯಿ ಹಣ ಮುಟ್ಟುವುದಿಲ್ಲ. ಆ ಮುಖವಾಡ ಧರಿಸಿದ ಹುಡುಗನೊಬ್ಬ ಯಜಮಾನನ ಬೆನ್ನುಬಿಡದೆ ನಡೆಯುತ್ತಾನೆ. ದಿಯೋನಾ ಪಾತ್ರ ಮಾಡಿದ ಎಂಬಿಸಿನ್ ತೆರೇಸ್ ಡಿಯೋಪ್ ಅವರ ಮುಖವನ್ನು ಒಮ್ಮೆ ನೋಡಿದವರು ಮರೆಯಲಾರರು. ಫ್ರಾನ್ಸಿನ ಜಾನ್ ವಿಗೋ ಪ್ರಶಸ್ತಿ, ಟ್ಯುನೀಷಿಯಾದ ಕಾರ್ಥೇಜ್ ಚಿತ್ರೋತ್ಸವದ ಮೊಟ್ಟಮೊದಲ ಚಿನ್ನದ ತಾನಿತ್ ಎರಡೂ ಅದೇ ವರ್ಷ ಬಂದವು.

ಹಣದ ಬೇರು

ಫ್ರಾನ್ಸಿನ ಸಹಕಾರ ಮಂತ್ರಾಲಯ 1963ರಲ್ಲಿ ಒಂದು ಸಿನಿಮಾ ವಿಭಾಗ ತೆರೆದಿತ್ತು. ಹಳೆಯ ವಸಾಹತುಗಳ ಯುವ ನಿರ್ದೇಶಕರಿಗೆ ಹಣ, ಎಡಿಟಿಂಗ್ ಕೋಣೆ, ಲ್ಯಾಬು ಎಲ್ಲವನ್ನೂ ಅದು ಒದಗಿಸುತ್ತಿತ್ತು. ಆ ನೆರವಿಲ್ಲದೆ ಹೋಗಿದ್ದರೆ ಆ ದಶಕದ ಬಹುಪಾಲು ಚಿತ್ರಗಳು ಹುಟ್ಟುತ್ತಲೇ ಇರಲಿಲ್ಲ, ಇದನ್ನು ಒಪ್ಪಬೇಕು. ಆದರೆ ಯಾವ ಕತೆಗೆ ಹಣ, ಯಾವುದಕ್ಕೆ ಇಲ್ಲ ಎಂಬ ತೀರ್ಮಾನ ಪ್ಯಾರಿಸ್ಸಿನಲ್ಲೇ ಆಗುತ್ತಿತ್ತು. ‘ಲಾ ನುವಾರ್ ದ’ ಚಿತ್ರಕತೆಯನ್ನು ಆ ವಿಭಾಗ ತಿರಸ್ಕರಿಸಿತು. ಸೆಂಬೆನ್ ಬೇರೆ ದಾರಿ ಹಿಡಿದು ಅದನ್ನು ಮುಗಿಸಿದರು. ನೆರವು ಪಡೆದ ಚಿತ್ರಗಳ ವಾಣಿಜ್ಯೇತರ ಪ್ರದರ್ಶನದ ಹಕ್ಕುಗಳನ್ನು ಆ ವಿಭಾಗ ಕೊಂಡುಕೊಳ್ಳುತ್ತಿತ್ತು. ಹಾಗಾಗಿ ಆಫ್ರಿಕಾದ ಎಷ್ಟೋ ನಗರಗಳಲ್ಲಿ ಆಫ್ರಿಕನ್ ಚಿತ್ರ ನೋಡಬೇಕೆಂದರೆ ಅಲ್ಲಿನ ಫ್ರೆಂಚ್ ಸಾಂಸ್ಕೃತಿಕ ಕೇಂದ್ರಕ್ಕೇ ಹೋಗಬೇಕಾಯಿತು.

ಭಾಷೆಯ ತೊಡಕು ಇದರ ಜೊತೆಯಲ್ಲೇ ಇತ್ತು. ‘ಲಾ ನುವಾರ್ ದ’ ನೋಡುವಾಗ ಒಂದು ವಿಷಯ ಚುಚ್ಚುತ್ತದೆ. ಅಕ್ಷರ ಬಾರದ ದಿಯೋನಾ ತನ್ನ ಮನಸ್ಸಿನೊಳಗೆ ಮಾತಾಡಿಕೊಳ್ಳುವುದು ನಿರರ್ಗಳ ಫ್ರೆಂಚಿನಲ್ಲಿ. ಆ ದನಿಯೂ ಹೈಟಿಯ ಗಾಯಕಿ ಟೋಟೋ ಬಿಸೆಂಟ್ ಅವರದು. ಯಾರಿಗಾಗಿ ಕಾದಂಬರಿ ಬಿಟ್ಟು ಸಿನಿಮಾಕ್ಕೆ ಬಂದರೋ ಅವರಿಗೆ ಈ ಚಿತ್ರವೂ ಅರ್ಧ ದೂರವೇ ಉಳಿಯಿತು. 1968ರ ‘ಮಂದಾಬಿ’ಯಲ್ಲಿ ಸೆಂಬೆನ್ ಆ ಗೋಡೆ ಒಡೆದರು. ಫ್ರೆಂಚ್ ಸರ್ಕಾರಿ ಸಿನಿಮಾ ಸಂಸ್ಥೆಯ ಮುಂಗಡ ಹಣದಿಂದಲೇ ತೆಗೆದ ಚಿತ್ರವಾದ್ದರಿಂದ ಫ್ರೆಂಚ್ ಆವೃತ್ತಿಯನ್ನೂ ಮಾಡಲೇಬೇಕಾಯಿತು. ಹಾಗಾಗಿ ಒಂದೇ ಚಿತ್ರ ಎರಡು ಭಾಷೆಯಲ್ಲಿ ತಯಾರಾಯಿತು. ಜನರ ಮನಸ್ಸಿನಲ್ಲಿ ಉಳಿದದ್ದು ವೊಲೊಫ್ ಭಾಷೆಯದು. ಸೆನೆಗಲ್‌ನ ಬಹುಪಾಲು ಜನ ಆಡುವ, ಆದರೆ ಕಚೇರಿ ಕೋರ್ಟುಗಳಲ್ಲಿ ಜಾಗವಿಲ್ಲದ ಭಾಷೆ ವೊಲೊಫ್. ಅದನ್ನೇ ಆಡುವ ಮೊದಲ ಪೂರ್ಣಾವಧಿ ಚಿತ್ರ ಅದಾಯಿತು.

‘ಮಂದಾಬಿ’ ಎಂದರೆ ಮನಿಯಾರ್ಡರು. ಕೆಲಸವಿಲ್ಲದ, ಇಬ್ಬರು ಹೆಂಡಿರ, ಜಂಬದ ಇಬ್ರಾಹಿಮಾ ಜೆಂಗ್‌ಗೆ ಪ್ಯಾರಿಸ್ಸಿನಲ್ಲಿ ಬೀದಿ ಗುಡಿಸುವ ಸೋದರಳಿಯ 25,000 ಫ್ರಾಂಕ್ ಕಳಿಸುತ್ತಾನೆ. ಅದರಲ್ಲಿ ಇಬ್ರಾಹಿಮಾನ ಪಾಲು 2,000 ಮಾತ್ರ. ಮಿಕ್ಕದ್ದರಲ್ಲಿ ಸ್ವಲ್ಪ ಅಕ್ಕನಿಗೆ, ಉಳಿದದ್ದು ಅಳಿಯನಿಗಾಗಿ ಎತ್ತಿಡಲು. ಹಣ ಕೈಗೆ ಬರುವ ಮೊದಲೇ ಸುದ್ದಿ ಕೇರಿಗೆಲ್ಲ ಹಬ್ಬಿ ಸಾಲಗಾರರು, ಸಂಬಂಧಿಕರು ಬಾಗಿಲಿಗೆ ಬರುತ್ತಾರೆ. ಅಂಚೆ ಕಚೇರಿಯಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ಅದಕ್ಕೆ ಜನನ ಪತ್ರ ಬೇಕು, ಫೋಟೊ ಬೇಕು, ಸ್ಟಾಂಪು ಬೇಕು. ಹುಟ್ಟಿದ ದಿನ ಯಾವುದೆಂದು ಇಬ್ರಾಹಿಮಾನಿಗೇ ಗೊತ್ತಿಲ್ಲ. ಫ್ರೆಂಚ್ ಓದಬಲ್ಲ ಪ್ರತಿಯೊಬ್ಬನೂ ಅವನಿಗೆ ಮೋಸ ಮಾಡುತ್ತಾನೆ. ಕೊನೆಗೆ ಓದಿದ ಸಂಬಂಧಿಯೊಬ್ಬ ಅಧಿಕಾರಪತ್ರ ಬರೆಸಿಕೊಂಡು ಇಡೀ ಹಣ ನುಂಗುತ್ತಾನೆ. ತಾಲೂಕು ಕಚೇರಿಯ ಮುಂದೆ ಅರ್ಜಿ ಬರೆಯುವವನ ಎದುರು ಒಮ್ಮೆಯಾದರೂ ಕೂತ ಮನೆತನದಲ್ಲಿ ಹುಟ್ಟಿದವರಿಗೆ ಈ ಚಿತ್ರವನ್ನು ಯಾರೂ ವಿವರಿಸಬೇಕಾಗಿಲ್ಲ. ಮಖುರೆಜಾ ಗೇಯ್ ಅವರ ಇಬ್ರಾಹಿಮಾ ನಗಿಸುತ್ತಾನೆ; ನಗು ಅರ್ಧಕ್ಕೆ ನಿಲ್ಲುತ್ತದೆ.

ಅಲ್ಲಿಂದಾಚೆ ಸೆಂಬೆನ್ ಆಫ್ರಿಕಾದ ಭಾಷೆಗಳನ್ನು ಬಿಡಲಿಲ್ಲ. 1971ರ ‘ಎಮಿತಾಯ್’ ಅವರ ಹುಟ್ಟುಸೀಮೆಯ ಡಿಯೋಲಾ ಭಾಷೆಯಲ್ಲಿದೆ. ಯುದ್ಧಕಾಲದಲ್ಲಿ ಫ್ರೆಂಚ್ ಸೈನ್ಯ ಮೊದಲು ಊರಿನ ಗಂಡಸರನ್ನು ಎಳೆದೊಯ್ಯುತ್ತದೆ, ಆಮೇಲೆ ಭತ್ತ ಕೇಳುತ್ತದೆ. ಹೆಂಗಸರು ಭತ್ತ ಅಡಗಿಸಿ ಬಿಸಿಲಲ್ಲಿ ಕೂರುತ್ತಾರೆ, ಬಾಯಿ ಬಿಡುವುದಿಲ್ಲ. ಅದೇ ಹೊತ್ತಿಗೆ ಭಾಷಾಶಾಸ್ತ್ರಜ್ಞ ಪಾತೆ ಜಾಂಗ್ ಅವರೊಡನೆ ಸೇರಿ ‘ಕದ್ದು’ ಎಂಬ ವೊಲೊಫ್ ಪತ್ರಿಕೆಯನ್ನೂ ಸೆಂಬೆನ್ ಹೊರಡಿಸಿದರು.

ಕವಿಯ ಕತ್ತರಿ

1970ರ ದಶಕದಲ್ಲಿ ಸೆನೆಗಲ್ ಸರ್ಕಾರ ತಾನೇ ಒಂದು ಸಿನಿಮಾ ಸಂಸ್ಥೆ ಕಟ್ಟಿ ಚಿತ್ರಗಳಿಗೆ ಹಣ ಹೂಡಿತು. ಅದರ ಹಣ ಸೇರಿ ತಯಾರಾದದ್ದೇ 1975ರ ‘ಕ್ಸಾಲಾ’. ಮೊದಲ ದೃಶ್ಯದಲ್ಲಿ ಆಫ್ರಿಕನ್ ವ್ಯಾಪಾರಿಗಳು ವಾಣಿಜ್ಯ ಮಂಡಳಿಯಿಂದ ಫ್ರೆಂಚರನ್ನು ಹೊರಹಾಕುತ್ತಾರೆ. ತಮಟೆ, ಜೈಕಾರ. ಹೊರಹೋದ ಫ್ರೆಂಚರು ಕೊಂಚ ಹೊತ್ತಿನಲ್ಲೇ ಬ್ರೀಫ್‌ಕೇಸುಗಳೊಂದಿಗೆ ಮರಳುತ್ತಾರೆ. ಒಳಗೆ ನೋಟಿನ ಕಂತೆ. ಹೊಸ ಮಂಡಳಿಯ ಸದಸ್ಯ ಎಲ್ ಹಾಜಿ ಮೂರನೇ ಮದುವೆಯಾಗುತ್ತಾನೆ, ಆ ರಾತ್ರಿಯೇ ಗಂಡಸುತನ ಕಳೆದುಕೊಳ್ಳುತ್ತಾನೆ. ಮಾಟ ಮಾಡಿಸಿದವರು ಯಾರೆಂದು ಹುಡುಕುತ್ತ ಹೋದ ಹಾಗೆ ಅವನ ಕಳ್ಳತನಗಳೆಲ್ಲ ಹೊರಬೀಳುತ್ತವೆ. ಅವನು ಹಿಂದೆ ನೆಲ ಕಿತ್ತುಕೊಂಡಿದ್ದ, ಈಗ ಭಿಕ್ಷೆ ಬೇಡುವ ಜನ ಕೊನೆಗೆ ಅವನ ಮನೆಯೊಳಗೇ ಬಂದು ನಿಲ್ಲುತ್ತಾರೆ.

ಹಣ ಕೊಟ್ಟ ಸರ್ಕಾರವೇ ಈ ಚಿತ್ರಕ್ಕೆ ಕತ್ತರಿ ಹಾಕಿತು. ಸೆಂಬೆನ್ ಸುಮ್ಮನೆ ಕೂರಲಿಲ್ಲ. ಕತ್ತರಿಸಿದ ದೃಶ್ಯಗಳಲ್ಲಿ ಏನಿತ್ತು ಎಂದು ಕರಪತ್ರ ಮಾಡಿಸಿ ಜನರಿಗೆ ಹಂಚಿದರು. ಮುಂದಿನ ಚಿತ್ರ ‘ಸೆದ್ದೊ’ ಇನ್ನೂ ಮುಂದೆ ಹೋಯಿತು. ಇಸ್ಲಾಂ, ಕ್ರೈಸ್ತ ಧರ್ಮ, ಗುಲಾಮರ ವ್ಯಾಪಾರ ಮೂರೂ ಒಂದೇ ಊರಿನ ಮೇಲೆ ಎರಗುವ ಕತೆ. ಕೊನೆಯಲ್ಲಿ ರಾಜಕುಮಾರಿ ಇಮಾಮನನ್ನು ಗುಂಡಿಟ್ಟು ಕೊಲ್ಲುತ್ತಾಳೆ. ಜನಸಂಖ್ಯೆಯ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಮುಸ್ಲಿಮರಾಗಿರುವ ದೇಶದಲ್ಲಿ ಒಬ್ಬ ಮುಸ್ಲಿಂ ಮನೆತನದವರು ತೆಗೆದ ಚಿತ್ರ. ಸೆಂಘೋರ್ ಸರ್ಕಾರ ಅದನ್ನು ನಿಷೇಧಿಸಿತು. ಕೊಟ್ಟ ಕಾರಣ ಕಾಗುಣಿತದ್ದು: ಸರ್ಕಾರದ ನಿಯಮದಂತೆ ಹೆಸರಿನಲ್ಲಿ ಒಂದೇ ‘ಡಿ’ ಇರಬೇಕು, ಸೆಂಬೆನ್ ಎರಡು ಬರೆದಿದ್ದಾರೆ. ಸೆಂಬೆನ್ ಆ ಅಕ್ಷರ ಬಿಟ್ಟುಕೊಡಲಿಲ್ಲ. ಚಿತ್ರ ತನ್ನ ದೇಶದಲ್ಲಿ ತೆರೆ ಕಾಣಲು ಸೆಂಘೋರ್ ಅಧಿಕಾರ ಬಿಡುವವರೆಗೂ ಕಾಯಬೇಕಾಯಿತು. ಸೆಂಘೋರರ ಕಾವ್ಯದ ಬಗ್ಗೆ ಗೌರವವಿಟ್ಟುಕೊಂಡೇ ಹೇಳಬೇಕು: ತನ್ನದೇ ಭಾಷೆಯಲ್ಲಿ ತನ್ನದೇ ಚರಿತ್ರೆ ಕೇಳುವ ಅವಕಾಶವನ್ನು ಒಂದು ಜನಾಂಗದಿಂದ ಒಬ್ಬ ಕವಿ ಕಸಿದದ್ದು ದೊಡ್ಡ ಅನ್ಯಾಯ.

ಸೆಂಬೆನ್ ಒಬ್ಬರೇ ಇದ್ದರೆಂದಲ್ಲ. ಡಾಕರ್ ಅಂಚಿನ ಕೊಲೊಬಾನ್‌ನಲ್ಲಿ 1945ರಲ್ಲಿ ಹುಟ್ಟಿದ ಜಿಬ್ರಿಲ್ ಡಿಯೋಪ್ ಮಾಂಬೆಟಿ ಸಿನಿಮಾ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. 1973ರ ಅವರ ‘ತೂಕಿ ಬೂಕಿ’ಯಲ್ಲಿ ಪ್ಯಾರಿಸ್ಸಿಗೆ ಓಡಿಹೋಗುವ ಕನಸಿನ ಒಂದು ಜೋಡಿ, ಕೊಂಬಿನ ತಲೆಬುರುಡೆ ಕಟ್ಟಿದ ಮೋಟರ್‌ಸೈಕಲ್ಲಿನಲ್ಲಿ ಊರೆಲ್ಲ ಅಲೆಯುತ್ತದೆ. ಕೊನೆಗೆ ಹಡಗು ಹತ್ತುವುದು ಹುಡುಗಿ ಮಾತ್ರ. ಸೆಂಬೆನ್ ಕತೆ ಹೇಳುತ್ತಾರೆ, ಮಾಂಬೆಟಿ ಕತೆಯನ್ನು ಚೂರು ಮಾಡಿ ಎಸೆಯುತ್ತಾರೆ. ಹೊಸ ದೇಶದ ಸಿನಿಮಾ ಎಂದರೆ ಒಂದೇ ಅಚ್ಚಿನದಾಗಬೇಕಿಲ್ಲ ಎಂಬುದನ್ನು ಹತ್ತೇ ವರ್ಷದಲ್ಲಿ ಡಾಕರ್ ತೋರಿಸಿಬಿಟ್ಟಿತು. ಇನ್ನು ಸಾಫಿ ಫಾಯ್. 1975ರ ‘ಕದ್ದು ಬೆಯ್ಕಾತ್’ನಲ್ಲಿ ತಮ್ಮ ಹೆತ್ತವರ ಹಳ್ಳಿಗೇ ಕ್ಯಾಮೆರಾ ಒಯ್ದು, ಫ್ರೆಂಚರು ಹೇರಿಹೋದ ಕಡಲೆಕಾಯಿ ಬೆಳೆ ರೈತರನ್ನು ಹೇಗೆ ಹಿಂಡುತ್ತಿದೆ ಎಂದು ರೈತರಿಂದಲೇ ಹೇಳಿಸಿದರು. ಸಹಾರಾದ ದಕ್ಷಿಣದ ಆಫ್ರಿಕಾದ ಮಹಿಳೆಯೊಬ್ಬರು ತೆಗೆದು ವಾಣಿಜ್ಯ ಬಿಡುಗಡೆ ಕಂಡ ಮೊದಲ ಪೂರ್ಣಾವಧಿ ಚಿತ್ರ ಅದು. ಸೆನೆಗಲ್ ಸರ್ಕಾರ ಮೊದಲಿಗೆ ಅದನ್ನೂ ತಡೆಯಿತು. ಸೆಂಬೆನ್ ಬಗ್ಗೆ ಬರೆದಷ್ಟು ಸಾಫಿ ಫಾಯ್ ಬಗ್ಗೆ ಜಗತ್ತು ಬರೆದಿಲ್ಲ, ಬರೆಯಬೇಕಿತ್ತು.

ಟಾಕೀಸಿನ ಬೀಗದ ಕೈ

ಇಷ್ಟೆಲ್ಲ ಚಿತ್ರ ಬಂದವಲ್ಲ, ಡಾಕರ್‌ನ ಟಾಕೀಸುಗಳಲ್ಲಿ ಓಡುತ್ತಿದ್ದದ್ದು ಏನು? ಫ್ರೆಂಚ್ ಮಾತಾಡುವ ಇಡೀ ಪಶ್ಚಿಮ ಆಫ್ರಿಕಾದಲ್ಲಿ ಚಿತ್ರ ಹಂಚಿಕೆ ಕೊಮಾಸಿಕೊ, ಸೆಕ್ಮಾ ಎಂಬ ಎರಡು ಫ್ರೆಂಚ್ ಕಂಪನಿಗಳ ಹಿಡಿತದಲ್ಲಿತ್ತು. ಸ್ವಾತಂತ್ರ್ಯ ಬಂದ ಮೇಲೂ ಒಂದು ದಶಕ ಆ ಹಿಡಿತ ಸಡಿಲಲಿಲ್ಲ. ಯಾವ ಊರಿಗೆ ಯಾವ ಚಿತ್ರ, ಎಷ್ಟು ದಿನ ಎಂಬುದೆಲ್ಲ ಅವರ ಲೆಕ್ಕ. ಅಗ್ಗಕ್ಕೆ ಸಿಗುವ ಹಳೆಯ ಫ್ರೆಂಚ್, ಅಮೆರಿಕನ್ ಚಿತ್ರಗಳ ಗಂಟನ್ನೇ ತರಿಸುತ್ತಿದ್ದರು. ಈಜಿಪ್ಟಿನವು, ನಮ್ಮ ಹಿಂದಿಯವು ಸಹ. ಮೆಹಬೂಬ್ ಖಾನರ ‘ಆನ್’ ಆ ಸೀಮೆಯಲ್ಲಿ ‘ಮಂಗಳಾ, ಭಾರತದ ಮಗಳು’ ಎಂಬ ಫ್ರೆಂಚ್ ಹೆಸರಿನಲ್ಲಿ ಜನಪ್ರಿಯವಾಯಿತು. ಹಿಂದಿ ಹಾಡು ಕುಣಿತದ ಹುಚ್ಚು ಹತ್ತಿಸಿಕೊಂಡ ಅಭಿಮಾನಿಗಳು ಇಂದಿಗೂ ಡಾಕರ್‌ನಲ್ಲಿದ್ದಾರೆ. ನಮಗದು ಸಂತೋಷದ ಸುದ್ದಿಯೇ. ಆದರೆ ಅದೇ ಹೊತ್ತಿಗೆ ಡಾಕರ್‌ನ ಮನಿಯಾರ್ಡರು ಕತೆಗೆ ಪಕ್ಕದ ದೇಶದ ಪರದೆ ಸಿಗುತ್ತಿರಲಿಲ್ಲ. ಸ್ಥಳೀಯ ಚಿತ್ರ ಓಡಿಸಿದರೆ ಆ ಕಂಪನಿಗಳಿಗೆ ದಕ್ಕುವ ಲಾಭ ಕಡಿಮೆ, ಬೇಡಿಕೆ ಇಲ್ಲವೆಂಬ ನೆವವೂ ಸುಲಭ.

ಈ ಗಂಟಿಗೆ ಸೆನೆಗಲ್‌ಗಿಂತ ಮೊದಲು ಕೈ ಹಾಕಿದ್ದು ಅದಕ್ಕಿಂತ ಬಡ ದೇಶ. ಇಂದು ಬುರ್ಕಿನಾ ಫಾಸೊ ಎನ್ನುವ ಅಪ್ಪರ್ ವೋಲ್ಟಾ 1970ರಲ್ಲಿ ಟಾಕೀಸುಗಳನ್ನು ರಾಷ್ಟ್ರೀಕರಣ ಮಾಡಿತು. ಕಂಪನಿಗಳು ಚಿತ್ರ ಕೊಡುವುದನ್ನೇ ನಿಲ್ಲಿಸಿ ಬಗ್ಗಿಸಲು ನೋಡಿದವು. ಆದರೂ ಸರ್ಕಾರ ಹಿಂದೆ ಸರಿಯಲಿಲ್ಲ. ಟಿಕೆಟಿನ ಒಂದು ಪಾಲನ್ನು ಚಿತ್ರ ನಿರ್ಮಾಣದ ನಿಧಿಗೆ ತಿರುಗಿಸಿತು. 1969ರಲ್ಲಿ ರಾಜಧಾನಿ ವಾಗಡುಗುವಿನಲ್ಲಿ ಶುರುವಾಗಿದ್ದ ಆಫ್ರಿಕನ್ ಸಿನಿಮಾ ವಾರವೇ ಬೆಳೆದು ಫೆಸ್ಪಾಕೊ ಉತ್ಸವವಾಯಿತು. ಅದರ ಹಿಂದೆ ಸೆಂಬೆನ್ ಇದ್ದರು. ಜಗತ್ತಿನ ಯಾವ ಮೂಲೆಯ ಪ್ರಶಸ್ತಿಗಿಂತ ಅಲ್ಲಿನ ಯೆನೆಂಗಾ ಕುದುರೆಯ ಪ್ರಶಸ್ತಿ ಆಫ್ರಿಕನ್ ನಿರ್ದೇಶಕರಿಗೆ ಹೆಚ್ಚಿನದು. 1972ರಲ್ಲಿ ಅದನ್ನು ಮೊದಲು ಗೆದ್ದವರು ನೈಜರ್ ದೇಶದ ಉಮರೂ ಗಂಡಾ.

ಸೆನೆಗಲ್ 1974ರ ಸುಮಾರಿಗೆ ಸಿಡೆಕ್ ಎಂಬ ಹಂಚಿಕೆ ಸಂಸ್ಥೆ ಕಟ್ಟಿತು. ಅದರಲ್ಲೂ ಫ್ರೆಂಚ್ ಕಂಪನಿಗೆ ಪಾಲಿತ್ತು. 1979ರ ಹೊತ್ತಿಗೆ ಹದಿನಾಲ್ಕು ದೇಶಗಳು ಕೂಡಿ ವಾಗಡುಗುವಿನಲ್ಲಿ ಒಂದು ಜಂಟಿ ಹಂಚಿಕೆ ಸಂಸ್ಥೆಯನ್ನೇ ನಿಲ್ಲಿಸಿದವು. ಒಂದೊಂದು ಪುಟ್ಟ ದೇಶದ ಮಾರುಕಟ್ಟೆ ಸಾಲದು, ಹದಿನಾಲ್ಕು ಸೇರಿದರೆ ಸಾಕು ಎಂಬ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಸದಸ್ಯ ದೇಶಗಳು ಬಾಕಿ ಕಟ್ಟಲಿಲ್ಲ, ಮಾತು ಉಳಿಸಿಕೊಳ್ಳಲಿಲ್ಲ. 1980ರ ದಶಕದ ನಡುವಿನಲ್ಲಿ ಅದು ಕುಸಿಯಿತು. ನನ್ನ ದೃಷ್ಟಿಯಲ್ಲಿ ಆಫ್ರಿಕನ್ ಸಿನಿಮಾಕ್ಕೆ ಬಿದ್ದ ಅತಿ ದೊಡ್ಡ ಪೆಟ್ಟು ಅದೇ. ಒಂದು ಚಿತ್ರ ನಿಷೇಧವಾದರೆ ಇನ್ನೊಂದು ಸರ್ಕಾರ ಬಂದಾಗ ಬಿಡಿಸಿಕೊಳ್ಳಬಹುದು. ಜನರ ಕಡೆಗೆ ಹೋಗುವ ದಾರಿಯೇ ಮುಚ್ಚಿದರೆ ಮತ್ತೆ ತೆರೆಯುವವರಿಲ್ಲ. ವಿಶ್ವಬ್ಯಾಂಕ್, ಐಎಂಎಫ್ ಶರತ್ತುಗಳಿಗೆ ತಲೆಬಾಗಿದ ಸರ್ಕಾರಗಳು ಸಿನಿಮಾದಿಂದ ಕೈ ತೊಳೆದುಕೊಂಡವು. 1994ರ ಜನವರಿಯಲ್ಲಿ ಆ ದೇಶಗಳ ಫ್ರಾಂಕ್ ನಾಣ್ಯದ ಬೆಲೆ ಅರ್ಧಕ್ಕಿಳಿಯಿತು. ಮಾಂಬೆಟಿ ಅದರ ಮೇಲೇ ‘ಲೆ ಫ್ರಾಂಕ್’ ತೆಗೆದರು: ಲಾಟರಿ ಗೆದ್ದ ಬಡ ಸಂಗೀತಗಾರ, ಬಾಗಿಲಿಗೆ ಅಂಟಿಸಿಟ್ಟ ಟಿಕೆಟ್ ಕೀಳಲಾಗದೆ ಬಾಗಿಲನ್ನೇ ಹೊತ್ತು ನಡೆಯುತ್ತಾನೆ. ಡಾಕರ್‌ನ ಟಾಕೀಸುಗಳು ಒಂದರ ಹಿಂದೊಂದು ಮುಚ್ಚಿ ಗೋದಾಮುಗಳಾದವು, ಅಂಗಡಿಗಳಾದವು.

ಸೆಂಬೆನ್ ಮಾತ್ರ ಹಟ ಬಿಡಲಿಲ್ಲ. ಊರೂರಿಗೆ ಪ್ರೊಜೆಕ್ಟರ್ ಒಯ್ದು ಚಿತ್ರ ತೋರಿಸುತ್ತಿದ್ದರು, ಮುಗಿದ ಮೇಲೆ ಜನರೊಡನೆ ಮಾತಿಗೆ ಕೂರುತ್ತಿದ್ದರು. 1988ರಲ್ಲಿ ತಿಯೆರ್ನೊ ಫಾತಿ ಸೋವ್ ಜೊತೆ ‘ಕಾಂಪ್ ದ ತಿಯಾರೋಯ್’ ತೆಗೆದರು. ಸೆನೆಗಲ್, ಅಲ್ಜೀರಿಯಾ, ಟ್ಯುನೀಷಿಯಾ ಮೂರರ ಹಣ. ಯುರೋಪಿನ ಒಂದು ಕಾಸೂ ಇಲ್ಲ. ಜರ್ಮನರ ಸೆರೆಯಿಂದ ಬಿಡುಗಡೆಯಾಗಿ ಬಂದ ಆಫ್ರಿಕನ್ ಸಿಪಾಯಿಗಳು ಬಾಕಿ ಸಂಬಳ ಕೇಳಿದ್ದಕ್ಕೆ, 1944ರ ಡಿಸೆಂಬರ್ 1ರ ಬೆಳಗಿನ ಜಾವ ಡಾಕರ್ ಬಳಿಯ ಶಿಬಿರದಲ್ಲಿ ಫ್ರೆಂಚ್ ಸೈನ್ಯವೇ ಅವರ ಮೇಲೆ ಗುಂಡು ಹಾರಿಸಿದ ಘಟನೆ ಅದರ ವಸ್ತು. ಸತ್ತವರು 35 ಎಂದು ಫ್ರೆಂಚ್ ಲೆಕ್ಕ. ಅದಕ್ಕಿಂತ ಬಹಳ ಹೆಚ್ಚು ಎಂದು ಇತಿಹಾಸಕಾರರು ವಾದಿಸುತ್ತ ಬಂದಿದ್ದಾರೆ. ವೆನಿಸ್ ಉತ್ಸವದಲ್ಲಿ ತೀರ್ಪುಗಾರರ ವಿಶೇಷ ಬಹುಮಾನ ಪಡೆದ ಈ ಚಿತ್ರಕ್ಕೆ ಫ್ರಾನ್ಸಿನ ಟಾಕೀಸುಗಳು ವರ್ಷಗಟ್ಟಲೆ ಬಾಗಿಲು ತೆರೆಯಲಿಲ್ಲ. ಅದು ನರಮೇಧ ಎಂದು ಫ್ರಾನ್ಸಿನ ಅಧ್ಯಕ್ಷರು ಬರವಣಿಗೆಯಲ್ಲಿ ಒಪ್ಪಿದ್ದು 2024ರಲ್ಲಿ. ಸಿನಿಮಾ ಮೂವತ್ತಾರು ವರ್ಷ ಮೊದಲೇ ಹೇಳಿತ್ತು.

2004ರಲ್ಲಿ, ಎಂಬತ್ತೊಂದರ ವಯಸ್ಸಿನಲ್ಲಿ, ಸೆಂಬೆನ್ ‘ಮೂಲಾದೆ’ ತೆಗೆದರು. ಹೆಣ್ಣುಮಕ್ಕಳ ಜನನಾಂಗ ಛೇದನದ ವಿರುದ್ಧ ಒಬ್ಬ ಹೆಂಗಸು ತನ್ನ ಅಂಗಳಕ್ಕೆ ಅಡ್ಡಲಾಗಿ ಹಗ್ಗ ಕಟ್ಟಿ ನಿಲ್ಲುವ ಕತೆ. ಗಂಡಸರು ಊರಿನ ರೇಡಿಯೊಗಳನ್ನೆಲ್ಲ ರಾಶಿ ಹಾಕಿ ಸುಡುತ್ತಾರೆ. 2007ರ ಜೂನ್‌ನಲ್ಲಿ ಅವರು ಡಾಕರ್‌ನಲ್ಲಿ ತೀರಿಕೊಂಡರು. ಬಿತ್ತಿದ್ದು ಒಣಗಿಲ್ಲ. ಮಾಂಬೆಟಿಯ ತಮ್ಮನ ಮಗಳು ಮಾತಿ ಡಿಯೋಪ್ 2019ರಲ್ಲಿ ವೊಲೊಫ್ ಭಾಷೆಯ ‘ಅಟ್ಲಾಂಟಿಕ್’ಗೆ ಕಾನ್ ಉತ್ಸವದ ಗ್ರಾಂ ಪ್ರಿ ಪಡೆದರು. 2024ರಲ್ಲಿ ‘ದಹೋಮಿ’ಗೆ ಬರ್ಲಿನ್‌ನ ಚಿನ್ನದ ಕರಡಿ ಬಂತು. ಫ್ರಾನ್ಸ್ 2021ರಲ್ಲಿ ಬೆನಿನ್‌ಗೆ ಹಿಂದಿರುಗಿಸಿದ ರಾಜವಂಶದ 26 ಕಲಾಕೃತಿಗಳ ಪಯಣ ಅದರ ವಸ್ತು; ಅದರಲ್ಲಿ ಪ್ರತಿಮೆಯೇ ಬಾಯಿ ತೆರೆದು ಮಾತಾಡುತ್ತದೆ.

ಸ್ವತಂತ್ರ ದೇಶವೊಂದು ತನ್ನ ಸಿನಿಮಾ ಕಟ್ಟಿಕೊಳ್ಳಲು ಪ್ರತಿಭೆ ಬೇಕು, ತನ್ನ ಭಾಷೆ ಬೇಕು. ಸೆನೆಗಲ್‌ನಲ್ಲಿ ಎರಡೂ ಧಾರಾಳವಾಗಿತ್ತು. ಪರದೆ ಬೇರೆಯವರ ಕೈಯಲ್ಲಿತ್ತು. ಸೆನೆಗಲ್‌ನ ಸಿನಿಮಾ ಸೋತದ್ದು ಅಲ್ಲಿ, ಬೇರೆಲ್ಲೂ ಅಲ್ಲ. ಈ ಚಿತ್ರಗಳಲ್ಲಿ ಹಲವು ಈಗ ಹೊಸದಾಗಿ ದುರಸ್ತಿಗೊಂಡು ಸ್ಪಷ್ಟ ಪ್ರತಿಗಳಲ್ಲಿ ಸಿಗುತ್ತಿವೆ: ‘ಬೋರೊಂ ಸಾರೆಟ್’, ‘ಲಾ ನುವಾರ್ ದ’, ‘ಮಂದಾಬಿ’, ‘ತೂಕಿ ಬೂಕಿ’. ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹೆಗ್ಗೋಡಿನಂಥ ಹಳ್ಳಿಯ ಜನರ ಮುಂದಿಟ್ಟು ಚರ್ಚಿಸಿದ ನೀನಾಸಂ ಪರಂಪರೆ ನಮ್ಮಲ್ಲಿದೆ; ಬೆಂಗಳೂರಿನ ಸುಚಿತ್ರದಂಥ ಫಿಲ್ಮ್ ಸೊಸೈಟಿಗಳಿವೆ. ಅವರು ಈ ಚಿತ್ರಗಳನ್ನು ಕನ್ನಡ ಅಡಿಬರಹದೊಂದಿಗೆ ಜಿಲ್ಲೆಗಳಿಗೆ ಒಯ್ಯಲಿ. ‘ಮಂದಾಬಿ’ಯಿಂದ ಶುರುಮಾಡಲಿ.